ಗೋಲಿನ ಮುಂದೆ ನಿಂತಿದ್ದ ದನಿ

ನೀರು ಸರಬರಾಜು ಕಚೇರಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರನಿಗೆ ಜರಡಿ ಎಂಬ ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಯಾಕೆ ಬಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷದ ಕಚೇರಿಗಳ ಲೀಗಿನ ಹದಿನೆಂಟು ಪಂದ್ಯಗಳಲ್ಲಿ ಅವನ ಕೈಯ ಕೆಳಗಿಂದ, ತಲೆಯ ಮೇಲಿಂದ, ಕಾಲುಗಳ ನಡುವಿಂದ, ಒಂದು ಸಲವಂತೂ ಅವನದೇ ಬೆನ್ನಿಗೆ ಬಡಿದು ಒಳಗೆ ಹೋದ ಗೋಲುಗಳು ಐವತ್ತೊಂದು. ಕ್ಯಾಂಟೀನಿನವನು ಚಹಾ ಸೋಸುವಾಗ ಇವನನ್ನು ಕಂಡರೆ, "ಸಾರ್, ಒಂದು ನಿಮಿಷ ಬನ್ನಿ, ನಮ್ಮ ಜರಡಿ ಹರಿದುಹೋಗಿದೆ" ಎನ್ನುತ್ತಿದ್ದ. ಎಲ್ಲರ ಜೊತೆ ತಾನೂ ನಕ್ಕುಬಿಡುತ್ತಿದ್ದ ಜರಡಿ. ನಗದೆ ಇನ್ನೇನು ಮಾಡಿಯಾನು ಪಾಪ?

ಅನ್ಯಾಯ ಅಂದರೆ ಇದೇ ನೋಡಿ. ಗೋಲಾದ ಮೇಲೆ ಬಲೆಯೊಳಗೆ ಬಗ್ಗಿ ಚೆಂಡು ಎತ್ತಿಕೊಡುವವನು ಅವನೊಬ್ಬನೇ. ಹಾಗಾಗಿ ತಪ್ಪು ಮಾಡಿದವನೂ ಅವನೇ ಎಂದು ನೋಡುವವರಿಗೆ ಕಾಣುತ್ತದೆ. ಅವನ ಮುಂದೆ ಗೋಡೆ ಕಟ್ಟಿ ನಿಲ್ಲಬೇಕಾದ ನಾಲ್ಕು ಮಂದಿ ಎಲ್ಲಿದ್ದರು, ಯಾವ ಕಡೆ ಮುಖ ಮಾಡಿದ್ದರು, ಒಬ್ಬರಿಗೊಬ್ಬರು ಯಾಕೆ ಡಿಕ್ಕಿ ಹೊಡೆದು ಬಿದ್ದರು ಎಂದು ಕೇಳುವವರೇ ಇಲ್ಲ. ಹನ್ನೊಂದು ವರ್ಷ ಜರಡಿ ಹಿಂದಿನಿಂದ ಅವರನ್ನು ಕೂಗಿ ಕರೆದ. "ಎಡಕ್ಕೆ ಬಾರೋ, ಹಿಂದೆ ಬಾರೋ" ಎಂದು ಅಂಗಲಾಚಿದ. ಅವನ ದನಿ ತೆಳು. ಆ ನಾಲ್ವರಲ್ಲಿ ಒಬ್ಬನೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸದಲ್ಲಿ ಮಾತ್ರ ಅವನ ಮಾತಿಗೆ ಬೆಲೆಯಿತ್ತು. ನೆಲದಡಿ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದ ಕಂಡುಹಿಡಿಯುವ ಕೆಲಸ ಅವನದು. ಬೆಳಗಿನ ಜಾವ ಬೀದಿಯಲ್ಲಿ ಗಾಡಿಗಳ ಓಡಾಟ ಶುರುವಾಗುವ ಮೊದಲು ಒಂದು ಉದ್ದನೆಯ ಕಬ್ಬಿಣದ ಸರಳು ಹಿಡಿದು ಹೊರಡುತ್ತಿದ್ದ. ಸರಳಿನ ಒಂದು ತುದಿ ರಸ್ತೆಯ ಮೇಲೆ, ಮರದ ಬಟ್ಟಲು ಕೂರಿಸಿದ ಇನ್ನೊಂದು ತುದಿ ಕಿವಿಗೆ. ನೀರು ತನ್ನ ಪಾಡಿಗೆ ಹರಿಯುವ ಸದ್ದು ಬೇರೆ, ಸೀಳಿನಿಂದ ಹೊರಬೀಳುವ ಸದ್ದು ಬೇರೆ. "ಇಲ್ಲಿ ಅಗೀರಿ" ಎಂದು ಅವನು ಸೀಮೆಸುಣ್ಣದಲ್ಲಿ ಗೀಟು ಎಳೆದರೆ ಎಂಜಿನಿಯರು ಕೂಡ ಎದುರಾಡುತ್ತಿರಲಿಲ್ಲ. ಅಗೆದರೆ ಅಲ್ಲೇ ಸೋರಿಕೆ ಇರುತ್ತಿತ್ತು.

ಹೀಗಿರುವಾಗ ದೊಡ್ಡ ಪಂಪ್‌ಹೌಸಿಗೆ ಒಬ್ಬ ಹೊಸ ಆಪರೇಟರ್ ವರ್ಗವಾಗಿ ಬಂದ. ಜರಡಿಗಿಂತ ನಾಲ್ಕೈದು ವರ್ಷ ದೊಡ್ಡವನು, ಆರಡಿಯ ಮೇಲೆ ಎರಡು ಬೆರಳು ಎತ್ತರ. ಹದಿನಾರು ವರ್ಷ ಮೂರು ಮೋಟಾರುಗಳ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ್ದ ಗಂಟಲು ಅವನದು. ಸುಮ್ಮನೆ "ಬನ್ನಿ, ಕೂತ್ಕೊಳ್ಳಿ" ಅಂದರೂ ಎದುರಿನವರು ಬೆಚ್ಚಿಬಿದ್ದು ಕೂರುತ್ತಿದ್ದರು. ಬಂದ ವಾರದಲ್ಲೇ ಅವನಿಗೆ ಮೈಕಣ್ಣ ಅಂತ ಹೆಸರಾಯಿತು. ಹಿಂದಿನ ಊರಿನ ತಂಡದಲ್ಲಿ ಗೋಲಿನ ಮುಂದೆ ನಡುವೆ ನಿಂತು ಆಡುತ್ತಿದ್ದನಂತೆ ಎಂದು ತಿಳಿದದ್ದೇ ತಡ, ತಂಡದ ಉಸ್ತುವಾರಿ ಹೊತ್ತಿದ್ದ ಸ್ಟೋರಿನ ಸಾಹೇಬರು ಅವನ ಅಳತೆ ಕೇಳಿ ಬೂಟು ತರಿಸಿದರು.

ಮೊದಲ ದಿನದ ಅಭ್ಯಾಸದಲ್ಲಿ ಮೈಕಣ್ಣ ಚೆಂಡನ್ನೇ ಮುಟ್ಟಲಿಲ್ಲ. ಗೆರೆಯಾಚೆ ಕೈಕಟ್ಟಿ ನಿಂತು ಕಾಲು ಗಂಟೆ ನೋಡಿದ. ಆಮೇಲೆ, "ಎಲ್ರೂ ಇಲ್ಲಿ ಬನ್ನಿ!" ಅಂದ. ಮೈದಾನದ ಗೋಡೆಯಾಚೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕೂಡ ಒಳಗೆ ಬಂದುಬಿಟ್ಟರು ಎಂದು ಹಿಂದೆ ಬಲಗಡೆ ಆಡುವ ಮೀಟರ್ ರೀಡರ್ ಆಮೇಲೆ ಕಥೆ ಕಟ್ಟಿದ. ಅವನ ಕಥೆಗಳನ್ನು ಅರ್ಧ ಮಾತ್ರ ನಂಬಬೇಕು.

"ನಿಮ್ಮಲ್ಲಿ ಓಡೋಕೆ ಬಾರದವ್ರು ಯಾರೂ ಇಲ್ಲ" ಎಂದ ಮೈಕಣ್ಣ. "ಆದ್ರೆ ಒಂದು ಚೆಂಡು ಬಂದ್ರೆ ಐದು ಜನ ಕೂಗ್ತೀರಿ. ಒಬ್ಬ ‘ನೀನು ಹೋಗು’ ಅಂತಾನೆ, ಒಬ್ಬ ‘ನಾನು ಬಂದೆ’ ಅಂತಾನೆ, ಇನ್ನೊಬ್ಬ ಸುಮ್ನೆ ‘ಅಯ್ಯಯ್ಯೋ’ ಅಂತಾನೆ. ಇವತ್ತಿಂದ ಹಿಂದೆ ಕೂಗೋದು ನಾನೊಬ್ನೇ. ಮಿಕ್ಕವ್ರು ಬಾಯಿ ಮುಚ್ಚಿ, ಕಿವಿ ತೆರೀರಿ."

"ಗೋಲ್‌ಕೀಪರ್ ಕೂಗ್ಬೇಕಲ್ವಾ ಅಣ್ಣ?" ಜರಡಿ ಮೆಲ್ಲಗೆ ಕೇಳಿದ. "ಹಿಂದಿಂದ ಎಲ್ಲಾ ಕಾಣೋದು ನಂಗೇ ಅಲ್ವಾ?"

"ಕಾಣುತ್ತೆ, ಇಲ್ಲ ಅನ್ನಲ್ಲ. ಹನ್ನೊಂದು ವರ್ಷದಿಂದ ಕೂಗ್ತಾನೇ ಇದೀಯಂತಲ್ಲ ತಮ್ಮ, ಯಾರಾದ್ರೂ ಕೇಳಿದ್ರಾ?"

ಜರಡಿ ಕೈಗವಸು ಹಾಕಿಕೊಂಡು ಕಂಬಗಳ ನಡುವೆ ಹೋಗಿ ನಿಂತ. ಇರುವ ಸತ್ಯವನ್ನೇ ಮುಖದ ಮೇಲೆ ಹೇಳಿದರೆ ಎದುರಾಡುವುದು ಹೇಗೆ?

ಮಾತಾಡುವ ಚಟ ಬಿಡಿಸಲು ಮೈಕಣ್ಣ ಒಂದು ಉಪಾಯ ಮಾಡಿದ. ನೀರಿನ ಕಚೇರಿಯವರಿಗಲ್ಲದೆ ಬೇರೆ ಯಾರಿಗೂ ಅದು ಹೊಳೆಯಲಾರದು. ಅಭ್ಯಾಸ ಶುರುವಾಗುವ ಮೊದಲು ಗೋಲ್‌ಕೀಪರನೂ ಸೇರಿ ಹಿಂದಿನವರೆಲ್ಲ ಬಾಯಿತುಂಬ ನೀರು ತುಂಬಿಕೊಳ್ಳಬೇಕು. ಮೂಗಿನಲ್ಲಿ ಉಸಿರಾಡಿಕೊಂಡೇ ಓಡಬೇಕು. ಬಾಯಿ ತೆರೆದು ನೀರು ಚೆಲ್ಲಿದವನು ಮೈದಾನಕ್ಕೆ ಒಂದು ಸುತ್ತು ಹಾಕಬೇಕು. ಮೊದಮೊದಲು ಎಲ್ಲರೂ ಸುತ್ತು ಹಾಕಿದ್ದೇ ಹಾಕಿದ್ದು. ಮೀಟರ್ ರೀಡರನಂತೂ ನಗು ತಡೆಯಲಾರದೆ ಸ್ಟೋರಿನ ಸಾಹೇಬರ ಇಸ್ತ್ರಿ ಮಾಡಿದ ಅಂಗಿಯ ಮೇಲೆಯೇ ಉಗಿದ. ಆದರೆ ಒಂದೂವರೆ ತಿಂಗಳಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. "ಮುಂದೆ!" ಎಂದು ಮೈಕಣ್ಣ ಕೂಗಿದರೆ ನಾಲ್ಕು ಜನ ಒಂದೇ ಏಟಿಗೆ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು, ಎದುರಾಳಿ ಆಫ್‌ಸೈಡಿನಲ್ಲಿ ಒಂಟಿಯಾಗಿ ನಿಂತು ಪೆಚ್ಚಾಗುತ್ತಿದ್ದ. "ಬಿಡು!" ಎಂದರೆ ಬಿಡುತ್ತಿದ್ದರು. "ನಂದು!" ಎಂದರೆ ಎಲ್ಲರೂ ಸರಿದು ದಾರಿ ಕೊಡುತ್ತಿದ್ದರು, ಮೈಕಣ್ಣನ ಹಣೆ ಚೆಂಡಿಗೆ ಬಡಿದ ಸದ್ದು ಬೀದಿಯವರೆಗೂ ಹೋಗುತ್ತಿತ್ತು.

ತಂಡ ಗೆಲ್ಲತೊಡಗಿತು. ಸುಮ್ಮನೆ ಹೇಳುವುದಲ್ಲ, ಲೆಕ್ಕ ನೋಡಿ: ಮೊದಲ ಹತ್ತು ಪಂದ್ಯಗಳಲ್ಲಿ ಜರಡಿಯ ಬಲೆಗೆ ಬಿದ್ದದ್ದು ಮೂರೇ ಗೋಲು. ಹಿಂದಿನ ವರ್ಷ ಮೊದಲ ಪಂದ್ಯದ ಅರ್ಧ ಮುಗಿಯುವುದರೊಳಗೇ ಅಷ್ಟಾಗಿತ್ತು. ಹಿಂದೆ ಭದ್ರವಾಗಿದೆ ಎಂಬ ಧೈರ್ಯಕ್ಕೆ ಮುಂದಿನವರ ಕಾಲಿಗೂ ಜೀವ ಬಂತು. ವರ್ಷಕ್ಕೊಂದು ಗೋಲು ಹೊಡೆಯಲು ಪರದಾಡುತ್ತಿದ್ದ ಟೈಪಿಸ್ಟ್ ಒಂದೇ ಪಂದ್ಯದಲ್ಲಿ ಎರಡು ಹೊಡೆದ. ಜರಡಿ ಎರಡು ಕಂಬಗಳ ನಡುವೆ ನಿಂತು ಆಟ ನೋಡಿದ. ಎಷ್ಟೋ ಸಲ ಕೈಗವಸಿಗೆ ಮಣ್ಣೇ ತಾಗುತ್ತಿರಲಿಲ್ಲ. ಮೊದಮೊದಲು ಅವನಿಗೆ ಸಂಕಟವಾಯಿತು, ನಾನು ಇಲ್ಲಿ ಯಾಕೆ ಇದ್ದೇನೆ ಅನ್ನಿಸಿತು. ಆಮೇಲೆ ಆ ದನಿಯ ಹಿಂದೆ ನಿಲ್ಲುವುದೇ ಒಂದು ಸುಖವಾಯಿತು. ಹತ್ತು ಹೆಜ್ಜೆ ಮುಂದೆ ಆ ಅಗಲ ಬೆನ್ನು, ಆ ಗಂಟಲು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನು ಭಾನುವಾರ ಬೆಳಗ್ಗೆ ಹಸಿದು ಎದ್ದ. ಅವನ ಹೆಂಡತಿ, "ಏನ್ರೀ, ಆಟದ ದಿನ ತಿಂಡಿ ಎರಡು ಸಲ ಹಾಕಿಸ್ಕೊಳ್ತಿದೀರಿ?" ಎಂದು ಬೆರಗಾದಳು.

ಪಂದ್ಯ ಮುಗಿದ ಮೇಲೆ ಮೈಕಣ್ಣ ಅವನನ್ನು ಮನೆಗೆ ಕರೆದೊಯ್ಯುತ್ತಿದ್ದ. ಪಂಪ್‌ಹೌಸಿನ ಹಿಂದಿನ ಸಾಲು ಮನೆಗಳಲ್ಲಿ ಕೊನೆಯದು. ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಮೈಕಣ್ಣನ ತಾಯಿ ಕೂತಿರುತ್ತಿದ್ದಳು. ಎಂಟು ವರ್ಷದ ಹಿಂದೆ ಜ್ವರ ಬಂದು ಅವಳ ಕಿವಿ ಹೋಗಿತ್ತು. ಸೊಸೆ ಎಷ್ಟು ಕಿರುಚಿದರೂ ಕೇಳಿಸದು, ಬಾಗಿಲು ಬಡಿದರೆ ಕೇಳಿಸದು. ಕಿವಿಗೆ ಇಡುವ ಯಂತ್ರಗಳನ್ನೂ ತಂದು ನೋಡಿದ್ದಾಯಿತು, ಗೊರಗೊರ ಸದ್ದು ಬಿಟ್ಟು ಬೇರೇನೂ ಇಲ್ಲ. ಓದುಬರಹ ಕಲಿತವಳಲ್ಲ, ಹಾಗಾಗಿ ಬರೆದು ತೋರಿಸುವ ಹಾಗೂ ಇರಲಿಲ್ಲ. ಅವಳಿಗೆ ಕೇಳಿಸುತ್ತಿದ್ದದ್ದು ಲೋಕದಲ್ಲಿ ಒಂದೇ ದನಿ, ಮಗನದು. ದಿನಾ ಸಂಜೆ ಮೈಕಣ್ಣ ಅವಳೆದುರು ಸ್ಟೂಲು ಎಳೆದುಕೊಂಡು ಕೂತು ಬೀದಿಯ ಸುದ್ದಿ, ಕೆಲಸದ ಸುದ್ದಿ, ನೆಂಟರ ಜಗಳ, ಆಟದ ಕಥೆ ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸುತ್ತಿದ್ದ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ನೀನೇನಾ ಇವನ ಹಿಂದೆ ನಿಲ್ಲೋನು?" ಎಂದು ಜರಡಿಯನ್ನು ಕೇಳಿದಳು. "ಬೈತಾನಾ ನಿನ್ನ? ಬೈದ್ರೆ ಬೈಸ್ಕೋ ಮಗ. ಇವನೊಬ್ಬ ಬಾಯಿ ಬಿಟ್ರೆ ನಂಗೆ ಊರಿಗೆ ಊರೇ ಮಾತಾಡಿದ ಹಾಗೆ. ಇವನು ಕೆಲಸಕ್ಕೆ ಹೋದ್ಮೇಲೆ ಇಲ್ಲಿ ಮಣ್ಣೊಳಗೆ ಕೂತ ಹಾಗಿರುತ್ತೆ."

ಹನ್ನೆರಡನೆಯ ಪಂದ್ಯದಲ್ಲಿ ಜರಡಿಗೆ ಅದು ಕೇಳಿಸಿತು. ಮೈಕಣ್ಣ "ಮುಂದೆ!" ಎಂದು ಕೂಗಿದ ಕೂಗಿನ ಬಾಲದಲ್ಲಿ ಗಾಳಿ ಸೋರಿದ ಹಾಗೆ ಒಂದು ಸಣ್ಣ ಸುಯ್. ಬೇರೆ ಯಾರ ಕಿವಿಗೂ ಅದು ಬಿದ್ದಿರಲಾರದು. ದನಿ ಮೊದಲಿನಷ್ಟೇ ದೊಡ್ಡದಾಗಿತ್ತು, ನಾಲ್ಕು ಜನ ಮೊದಲಿನಂತೆಯೇ ಮುಂದೆ ಬಂದರು. ಆದರೆ ಸೋರುವುದನ್ನು ಕೇಳಿ ಕೇಳಿ ಪಳಗಿದ ಕಿವಿ ಅವನದು. ಸೀಟಿ ಊದಿದ ಮೇಲೆ ನೇರ ಮೈಕಣ್ಣನ ಹತ್ತಿರ ಹೋದ.

"ಗಂಟಲಿಗೆ ಏನಾಗಿದೆ ಅಣ್ಣ?"

"ಏನಾಗಿದೆ? ಒಂದು ಚಹಾ ಬಿದ್ರೆ ಸರಿಹೋಗುತ್ತೆ."

ಸರಿಹೋಗಲಿಲ್ಲ. ಎರಡು ವಾರದಲ್ಲಿ ಆ ಸುಯ್ ಬಾಲದಿಂದ ನಡುವಿಗೆ ಬಂತು. ಜರಡಿ ಬೆನ್ನು ಬಿಡಲಿಲ್ಲ, ಕೈಹಿಡಿದು ಎಳೆದುಕೊಂಡು ಹೋದ ಹಾಗೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿದರು. ದನಿ ಹೊರಡುವ ಕಡೆ ಒಂದು ಸಣ್ಣ ಗಂಟು ಬೆಳೆದಿದೆ, ಮೂರು ತಿಂಗಳು ಕೂಗದೆ ಇದ್ದರೆ ತಾನಾಗಿಯೇ ಕರಗಬಹುದು ಎಂದರು. ಕೂಗಿದರೆ ಒಡೆಯುತ್ತದೆ, ಒಡೆದರೆ ಕತ್ತರಿಸಿ ತೆಗೆಯಬೇಕಾಗುತ್ತದೆ.

"ತೆಗೆದ್ರೆ?" ಎಂದ ಮೈಕಣ್ಣ.

"ಪಿಸುಮಾತು ಆಡಬಹುದು. ಈ ದನಿ ಮತ್ತೆ ಬರೋದಿಲ್ಲ."

ಮೈಕಣ್ಣ ಮೊದಲು ಕೇಳಿದ್ದು ತಾಯಿಯ ವಿಷಯ. ಅವಳ ಹತ್ತಿರ ಗಟ್ಟಿಯಾಗಿ ಮಾತಾಡದೆ ಇರುವುದು ಹೇಗೆ ಅಂದ. ಡಾಕ್ಟರು ಯೋಚಿಸಿ, ದಿನಕ್ಕೆ ಐದು ನಿಮಿಷ, ಕಿವಿಯ ಹತ್ತಿರ ಬಾಯಿಟ್ಟು ಮಾತಾಡಿ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ಬೇಡ ಎಂದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಮೈಕಣ್ಣ, ಜರಡಿ ಇಬ್ಬರೂ ಕೂತರು. ಇನ್ನು ನಾಲ್ಕು ಪಂದ್ಯ ಉಳಿದಿದ್ದವು. ಅಂಕಪಟ್ಟಿಯಲ್ಲಿ ತಂಡ ಎಲ್ಲರಿಗಿಂತ ಮೇಲಿತ್ತು.

"ಕೂಗದೆ ಆಡ್ತೀನಿ" ಎಂದ ಮೈಕಣ್ಣ. "ನನ್ನ ಬದಲು ನೀನು ಕೂಗು. ಹಿಂದಿಂದ ಎಲ್ಲಾ ಕಾಣೋದು ನಿಂಗೇ ತಾನೆ?"

ಅಯ್ಯೋ, ಈ ಮಾತಿಗೆ ಜರಡಿ ಎಷ್ಟು ವರ್ಷದಿಂದ ಕಾದಿದ್ದ! ಬಂದದ್ದು ಮಾತ್ರ ಬೇಡವಾದ ಹೊತ್ತಿನಲ್ಲಿ. ಹದಿನೈದನೆಯ ಪಂದ್ಯದಲ್ಲಿ ಅವನು ಕೂಗಿದ. ಕತ್ತಿನ ನರ ಉಬ್ಬಿ ಬರುವ ಹಾಗೆ ಕೂಗಿದ. "ಮುಂದೆ!" ಎಂದರೆ ಇಬ್ಬರು ಮುಂದೆ ಬಂದರು, ಇಬ್ಬರು ನಿಂತಲ್ಲೇ ನಿಂತು ಮೈಕಣ್ಣನ ಬೆನ್ನು ನೋಡಿದರು. "ಬಿಡು!" ಎಂದರೆ ಮೀಟರ್ ರೀಡರ್ ಒದ್ದ. ತಮ್ಮತಮ್ಮಲ್ಲೇ ಕೂಗಿಕೊಳ್ಳೋಣವೆಂದರೆ ಬಾಯೊಳಗೆ ನೀರಿಲ್ಲದಿದ್ದರೂ ಇದ್ದ ಹಾಗೆ ತುಟಿ ಬಿಗಿದುಕೊಂಡೇ ಓಡುತ್ತಿದ್ದರು, ಮಾತಾಡುವುದು ಹೇಗೆಂದೇ ಮರೆತವರು. ಅರ್ಧ ಗಂಟೆಯಲ್ಲಿ ಮೂರು ಗೋಲು ಬಿತ್ತು. ನಾಲ್ಕನೆಯದು ಬೀಳುವ ಮೊದಲು ಮೈಕಣ್ಣ ತಡೆಯಲಾರದೆ ಒಂದು ಸಲ ಅರಚಿದ, ಅಷ್ಟೇ, ಎಲ್ಲ ಜಾಗಕ್ಕೆ ಬಂತು. ಹೇಗೋ ಮೂರು ಮೂರು ಮಾಡಿಕೊಂಡು ಹೊರಬಂದರು.

"ತಪ್ಪು ತಿಳ್ಕೋಬೇಡ ಮಾರಾಯ" ಎಂದ ಮೀಟರ್ ರೀಡರ್. "ನಿನ್ನ ದನಿ ಕೇಳಿದ್ರೆ ನನ್ನ ಕಾಲು ಏಳಲ್ಲ. ನಾನೇನು ಮಾಡ್ಲಿ?"

ಅವನದೂ ಸುಳ್ಳಲ್ಲ. ಒಂದೇ ದನಿಗೆ ಪಳಗಿಸಿದ ಕಾಲುಗಳನ್ನು ಒಂದು ವಾರದಲ್ಲಿ ಇನ್ನೊಂದು ದನಿಗೆ ತಿರುಗಿಸುವುದು ಆಗುವ ಮಾತೇ? ಜರಡಿ ಸ್ಟೋರಿನ ಸಾಹೇಬರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ವಾಷರುಗಳ ಡಬ್ಬಿ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಗಂಟಲು ತಾನೆ? ಕಾಲಲ್ಲವಲ್ಲ. ಇನ್ನು ಮೂರೇ ಮ್ಯಾಚು ಇದೆಯಪ್ಪ. ಮುಗಿದ ಮೇಲೆ ಮೂರು ತಿಂಗಳಲ್ಲ, ಆರು ತಿಂಗಳು ಮೌನವಾಗಿರ್ಲಿ, ಯಾರು ಬೇಡ ಅಂದ್ರು?"

"ಆಡೋದೇ ಬೇಡ ಅಂತ ನೀವು ಹೇಳಿದ್ರೆ ಕೇಳ್ತಾರೆ ಸಾರ್."

"ಅವನಿಲ್ದೆ ನೀನು ನಿಲ್ತೀಯಾ ಹಿಂದೆ? ಎಷ್ಟು ತಿಂತೀಯ, ಐದಾ, ಆರಾ?"

ಜರಡಿ ತಲೆ ತಗ್ಗಿಸಿ ಹೊರಬಂದ. ಸಿಟ್ಟು ಬಂದರೂ ಯಾರ ಮೇಲೆ ತೀರಿಸಿಕೊಳ್ಳಬೇಕು? ಸಾಹೇಬರ ಲೆಕ್ಕ ಸುಳ್ಳಲ್ಲ ಎಂಬುದೇ ಅವನನ್ನು ತಿನ್ನುತ್ತಿತ್ತು. ಹದಿನಾರನೆಯ ಪಂದ್ಯದಲ್ಲಿ ಮೈಕಣ್ಣ ಆರು ಸಲ ಕೂಗಿದ, ಹದಿನೇಳರಲ್ಲಿ ಒಂಬತ್ತು ಸಲ. ಜರಡಿ ಹಿಂದೆ ನಿಂತು ಎಣಿಸಿದ. ಪ್ರತಿ ಸಲವೂ "ಬೇಡ ಅಣ್ಣ" ಎಂದು ಬಾಯಿಗೆ ಬಂದದ್ದನ್ನು ನುಂಗಿದ, ಯಾಕೆಂದರೆ ಪ್ರತಿ ಸಲವೂ ಆ ಕೂಗಿಗೇ ಗೋಲು ತಪ್ಪುತ್ತಿತ್ತು.

ಅಷ್ಟರಲ್ಲಿ ಮೈಕಣ್ಣನ ಹೆಂಡತಿಗೆ ಅವನ ಜೇಬಿನಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಜರಡಿಯ ಎದುರಿಗೇ ಗಂಡನನ್ನು ಕೂರಿಸಿಕೊಂಡು ಹೇಳಿದಳು: "ಆಡೋದಿದ್ರೆ ಆಡಿ. ಬಾಯಿ ಮಾತ್ರ ತೆರೆಯೋ ಹಾಗಿಲ್ಲ. ನಾನು ಹೆಂಗೋ ಇರ್ತೀನಿ, ನಂಗೆ ನಿಮ್ಮ ಪಿಸುಮಾತಾದ್ರೂ ಕೇಳುತ್ತೆ. ಅತ್ತೆ ಏನ್ ಮಾಡ್ಬೇಕು? ಅವರಿಗೆ ಇನ್ಯಾರಿದಾರೆ?" ಮೈಕಣ್ಣ ಅವಳ ಕೈ ಹಿಡಿದು ಮಾತು ಕೊಟ್ಟ. ಅವಳು ಜರಡಿಯ ಕಡೆ ತಿರುಗಿ, "ನೀವು ನೋಡ್ಕೋಬೇಕು" ಎಂದಳು.

"ಆಯ್ತು ಅತ್ತಿಗೆ" ಎಂದ ಜರಡಿ.

ಕೊನೆಯ ಪಂದ್ಯ ವಿದ್ಯುತ್ ಕಚೇರಿಯ ತಂಡದ ಮೇಲೆ. ಸೋಲದಿದ್ದರೆ ಸಾಕು, ಸಮ ಮಾಡಿಕೊಂಡರೂ ಲೀಗಿನ ಕಪ್ ನೀರಿನ ಕಚೇರಿಯವರದು. ಭಾನುವಾರ ಮಧ್ಯಾಹ್ನ ಗೋಡೆಯ ಮೇಲೆಲ್ಲ ಜನ. ಮೈಕಣ್ಣನ ತಾಯಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ಈಚೆಗೆ ಮಗ ಮಾತು ಕಡಿಮೆ ಮಾಡಿದ್ದಾನೆ, ಮೈದಾನದಲ್ಲಾದರೂ ಕೇಳುತ್ತೇನೆ ಎಂಬುದು ಅವಳ ಆಸೆ; ಹೆದರುತ್ತಾಳೆಂದು ಗಂಟಲಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಸೊಸೆ ಕುರ್ಚಿ ತಂದು ಗೆರೆಯ ಪಕ್ಕದಲ್ಲಿ ಕೂರಿಸಿದಳು. ತಾಯಿ ಮಡಿಲಲ್ಲಿ ಕೈ ಜೋಡಿಸಿಕೊಂಡು ಕಾದಳು.

ಅರ್ಧ ಆಟ ಮುಗಿದರೂ ಮೈಕಣ್ಣ ಬಾಯಿ ತೆರೆಯಲಿಲ್ಲ. ಕೈಯಲ್ಲೇ ತೋರಿಸಿದ, ಓಡಿ ಓಡಿ ತಾನೇ ಎಲ್ಲರ ಜಾಗ ತುಂಬಿದ, ಮೂವರ ಕೆಲಸ ಮಾಡಿದ. ಗೋಲಾಗಲಿಲ್ಲ. ಎರಡನೆಯ ಅರ್ಧದಲ್ಲಿ ಅವನ ಕಾಲು ಸೋತವು. ಕೈಸನ್ನೆಯನ್ನು ಯಾರು ನೋಡುತ್ತಾರೆ? ಚೆಂಡು ನೋಡುವವರು ಚೆಂಡು ನೋಡುತ್ತಾರೆ. ಇನ್ನು ಹತ್ತು ನಿಮಿಷ ಇರುವಾಗ ವಿದ್ಯುತ್ತಿನವರು ಒಂದೇ ಸಮನೆ ಮೇಲೆ ಬಿದ್ದರು. ಒಂದು ಹೊಡೆತ ಜರಡಿಯ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು, ಒಂದು ಕಂಬಕ್ಕೆ ಬಡಿಯಿತು. ಮೀಟರ್ ರೀಡರ್ ಅಳುವವನ ಹಾಗೆ ಹಿಂತಿರುಗಿ ನೋಡಿದ. ಆಮೇಲೆ ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು, ಎಲ್ಲರ ತಲೆಯ ಮೇಲೆ, ನೇರ ಗೋಲಿನ ಬಾಯಿಗೆ. ನಾಲ್ವರೂ ನಿಂತಲ್ಲೇ ನಿಂತಿದ್ದರು. ಜರಡಿ ಚೆಂಡು ನೋಡಿದ, ತನ್ನ ಕೈ ನೋಡಿದ, ಅದು ತನಗೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಕೂಗಣ್ಣಾ!" ಎಂದು ಚೀರಿದ. "ಅಣ್ಣಾ, ಕೂಗು!"

ಬೇಕೆಂದು ಆಡಿದ ಮಾತಲ್ಲ ಅದು, ಹೌದು. ಅವನು ಹೇಳದಿದ್ದರೂ ಮೈಕಣ್ಣ ಕೂಗುತ್ತಿದ್ದನೋ ಏನೋ. ಜರಡಿಯ ಹೆಂಡತಿ ಆಮೇಲೆ ಎಷ್ಟೋ ಸಲ ಇದನ್ನೇ ಹೇಳಿ ಸಮಾಧಾನ ಮಾಡಿದಳು. ಆದರೆ ಮೈಕಣ್ಣ ತಿರುಗಿ ಒಂದು ಕ್ಷಣ ಅವನ ಮುಖ ನೋಡಿದ್ದ. ನೋಡಿ, ಆಮೇಲೆ ಕೂಗಿದ.

"ನಂದು!"

ಎಲ್ಲರೂ ಸರಿದರು, ಅವನ ಹಣೆ ಚೆಂಡಿಗೆ ಸಿಕ್ಕಿತು. ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಒಂಬತ್ತು ನಿಮಿಷ ಆ ದನಿ ಮೈದಾನ ತುಂಬಿತು. "ಮುಂದೆ! ಎಡಕ್ಕೆ! ಬಿಡು! ಒತ್ತು!" ಗೆರೆಯ ಪಕ್ಕದಲ್ಲಿ ಅವನ ತಾಯಿ ಕುರ್ಚಿಯಿಂದ ಎದ್ದು ನಿಂತು, "ಕೇಳ್ತಿದೆ! ನಂಗೆ ಇಲ್ಲಿವರೆಗೂ ಕೇಳ್ತಿದೆ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಸೊಸೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಜರಡಿಗೆ ಮಾತ್ರ ಆ ಕೂಗಿನೊಳಗೆ ಸುಯ್ ಬೆಳೆದು ಬೆಳೆದು ಕೊನೆಗೆ ಒಂದು ಕಡೆ ಏನೋ ಹರಿದದ್ದು ಕೇಳಿಸಿತು. ಸೀಟಿ ಊದಿದಾಗ ಮೈಕಣ್ಣ ಬಗ್ಗಿ ಕೆಮ್ಮಿದ, ತೋಳಿನಿಂದ ಬಾಯಿ ಒರೆಸಿಕೊಂಡ, ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಕಪ್ ಬಂತು. ಇಡೀ ವರ್ಷ ಎಲ್ಲರಿಗಿಂತ ಕಡಿಮೆ ಗೋಲು ಬಿಟ್ಟವನೆಂದು ಜರಡಿಗೂ ಒಂದು ಸಣ್ಣ ಕಪ್ ಕೊಟ್ಟರು, ಅತ್ಯುತ್ತಮ ಗೋಲ್‌ಕೀಪರ್ ಎಂದು ಬರೆಸಿ. ಸ್ಟೋರಿನ ಸಾಹೇಬರು ಬೆನ್ನು ತಟ್ಟಿ, "ಇನ್ಮೇಲೆ ನಿನ್ನ ಜರಡಿ ಅಂದೋರ ನಾಲಿಗೆ ಸೀಳ್ತೀನಿ" ಎಂದರು. ನಗುವುದಕ್ಕಾಗಲಿ ಆ ಕಪ್ ಬೇಡ ಅನ್ನುವುದಕ್ಕಾಗಲಿ ಅವನಿಗೆ ಆಗಲಿಲ್ಲ. ಮರುದಿನ ಬೆಳಗ್ಗೆ ಮೈಕಣ್ಣ ಬಾಯಿ ತೆರೆದರೆ ಬರೀ ಗಾಳಿ. ಆ ವಾರವೇ ಆಸ್ಪತ್ರೆಯಲ್ಲಿ ಗಂಟು ಕತ್ತರಿಸಿ ತೆಗೆದರು.

ಜರಡಿ ಮೂರು ವಾರ ಆ ಬೀದಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಭಾನುವಾರ ಹೆಂಡತಿಯೇ ಚಪ್ಪಲಿ ಮುಂದಿಟ್ಟು, "ಹೋಗಿ ಬನ್ನಿ. ಹೋಗದೆ ಎಷ್ಟು ದಿನ ಇರ್ತೀರಿ?" ಎಂದಳು.

ಮೈಕಣ್ಣ ಬಾಗಿಲು ತೆಗೆದ. ಕುತ್ತಿಗೆಗೆ ಬಟ್ಟೆ ಸುತ್ತಿತ್ತು. "ಬಾ ತಮ್ಮ" ಎಂದು ಪಿಸುಗುಟ್ಟಿದ, ಒಣ ಎಲೆ ಸರಿದಷ್ಟು ಸದ್ದು. ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಜರಡಿಗೆ. ಅತ್ತಿಗೆ ಒಳಗೆ ಚಹಾ ಕಾಯಿಸುತ್ತಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ತಾಯಿ ಇವನನ್ನು ಕಂಡು ಕೈಚಾಚಿ ಹತ್ತಿರ ಕರೆದಳು.

"ಬಂದ್ಯಾ? ನೋಡು ಮಗ, ನನ್ನ ಕಿವಿ ಪೂರ್ತಿ ಹೋಯ್ತು" ಎಂದಳು. "ಅವತ್ತು ಮೈದಾನದಲ್ಲಿ ಎಷ್ಟು ಚೆನ್ನಾಗಿ ಕೇಳಿಸ್ತಿತ್ತು! ಅದೇ ಕೊನೆ. ಈಗ ಇವನು ಬಾಯಿ ಆಡಿಸ್ತಾನೆ, ನಂಗೆ ಏನೂ ಇಲ್ಲ. ಪಾಪ, ನಂಗೆ ಬೇಜಾರಾಗ್ಬಾರ್ದು ಅಂತ ಇಬ್ರೂ ಸೇರಿ ಗಂಟಲು ತೋರಿಸ್ತಾರೆ, ಬಟ್ಟೆ ಸುತ್ಕೊಂಡು ನಾಟಕ ಮಾಡ್ತಾರೆ. ನಂಗೆ ಗೊತ್ತಾಗಲ್ವಾ? ಅಷ್ಟು ಗಟ್ಟಿ ಕೂಗಿದವನ ಗಂಟಲಿಗೆ ಏನಾಗುತ್ತೆ? ನನ್ನದೇ ಕಿವಿ. ವಯಸ್ಸಾಯ್ತು."

ಜರಡಿ ನೆಲದ ಮೇಲೆ ಕೂತುಬಿಟ್ಟ. ಅವಳ ಮೊಣಕಾಲು ಹಿಡಿದುಕೊಂಡು, "ನಿಮ್ಮ ಕಿವಿ ಅಲ್ಲಮ್ಮ" ಎಂದ. ಅವಳು ಅವನ ತುಟಿ ನೋಡಿದಳು. ಅವನು ಎದ್ದು ಅವಳ ಕಿವಿಗೆ ಬಾಯಿ ತಾಗಿಸಿ ಕೂಗಿದ, "ಕಿವಿ ಸರಿಯಾಗಿದೆ! ನಾನೇ ಅವರಿಗೆ ಕೂಗು ಅಂದೆ! ಕೂಗಬಾರ್ದು ಅಂತ ಗೊತ್ತಿತ್ತು ನಂಗೆ! ಗೊತ್ತಿದ್ದೂ ನಾನೇ ಕೂಗಿಸ್ದೆ ಅಮ್ಮಾ!" ತೆಳು ದನಿ ಒಡೆದು ಚೂರಾಗುವವರೆಗೆ ಕೂಗಿದ. ಎದುರು ಮನೆಯ ಕಿಟಕಿ ತೆರೆಯಿತು. ಒಳಗೆ ಅತ್ತಿಗೆಯ ಕೈಯ ಲೋಟದ ಸದ್ದು ನಿಂತಿತು. ಅವಳು ಬಾಗಿಲವರೆಗೆ ಬಂದು ಅವನನ್ನು ನೋಡಿದಳು, ಚಹಾವನ್ನು ಅಲ್ಲೇ ಹಲಗೆಯ ಮೇಲಿಟ್ಟು ಹಿಂತಿರುಗಿ ಹೋದಳು. ಮೈಕಣ್ಣ ಹತ್ತಿರ ಬಂದು ಅವನ ಭುಜ ಹಿಡಿದು ಸಾಕು ಎಂಬಂತೆ ತಲೆಯಾಡಿಸಿದ.

ತಾಯಿ ಜರಡಿಯ ಒದ್ದೆ ಕೆನ್ನೆ ಒರೆಸಿದಳು.

"ಏನೋ ಹೇಳ್ತಿದಾನೆ ಪಾಪ" ಎಂದಳು ಮಗನಿಗೆ. "ನನ್ನ ಕಿವಿ ಹೋಯ್ತು ಅಂತ ಎಷ್ಟು ಅಳ್ತಾನೆ ನೋಡು. ಒಳ್ಳೆ ಹುಡುಗ. ಊಟ ಮಾಡಿಸಿ ಕಳಿಸು."